ಕಾದ ಮೇಲೆ ಏರಿನಲ್ಲಿ ನಿಲ್ಲುವ ನಿಸ್ಸಾನ್ ಒನ್ ಟನ್: ದೋಷ ಹುಡುಕುವ ಕ್ರಮ

ತಣ್ಣಗಿರುವಾಗ ಒಂದೇ ಸೆಲ್ಫಿಗೆ ಚಾಲೂ ಆಗಿ, ಸಮತಟ್ಟಾದ ರಸ್ತೆಯಲ್ಲಿ ಅರ್ಧ ಗಂಟೆ ಯಾವ ತಕರಾರೂ ಇಲ್ಲದೆ ಓಡಿ, ಏರು ಹಿಡಿದು ಎಂಜಿನ್ ಚೆನ್ನಾಗಿ ಕಾಯುತ್ತಿದ್ದಂತೆ ಎಳೆತ ಕಳೆದುಕೊಂಡು ನಿಂತುಬಿಡುವುದು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುವುದು. ಹಳೆಯ ಮಿಲಿಟರಿ ಪೆಟ್ರೋಲ್ ಟ್ರಕ್ಕುಗಳನ್ನು ಮನೆಯಲ್ಲಿಯೇ ರಿಪೇರಿ ಮಾಡಿಕೊಳ್ಳುವವರನ್ನು ಅತಿ ಹೆಚ್ಚು ಕಾಡುವ ದೋಷ ಇದು. ಈ ಬರಹ ಆ ಒಂದು ದೋಷಕ್ಕೆ ಮಾತ್ರ ಸಂಬಂಧಿಸಿದೆ.

ನನ್ನಲ್ಲಿರುವುದು ಸೇನೆಯಿಂದ ಡಿಸ್ಪೋಸಲ್ ಆಗಿ ಬಂದ ನಿಸ್ಸಾನ್ ಒನ್ ಟನ್. ಜಪಾನಿನ ನಿಸ್ಸಾನ್ ಕಂಪನಿಯ ಪರವಾನಗಿಯ ಮೇಲೆ ಜಬಲ್ಪುರದಲ್ಲಿ ತಯಾರಾದ ಈ ಗಾಡಿಯ ನಾಲ್ಕು ಚಕ್ರಗಳೂ ಎಳೆಯುತ್ತವೆ. ಸೇನೆಯ ಜೀಪಿನಂಥ ಗಾಡಿಯಾದ ಜೋಂಗಾದಲ್ಲಿರುವ ಅದೇ ಆರು ಸಿಲಿಂಡರಿನ 3956 ಸಿಸಿ ಪೆಟ್ರೋಲ್ ಎಂಜಿನ್ ಇದರಲ್ಲೂ ಇದೆ. ಜೋಂಗಾ ಇಟ್ಟುಕೊಂಡವರಿಗೂ, ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕೂಡಿಸಿ ಬಿಡಿಸುವ ಸಂಪರ್ಕ) ಮತ್ತು ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಯಾವುದೇ ಹಳೆಯ ಜೀಪ್ ಇರುವವರಿಗೂ ಇಲ್ಲಿನ ಕ್ರಮ ಹಾಗೆಯೇ ಅನ್ವಯಿಸುತ್ತದೆ. ಸೇನೆಯ ಇನ್ನೊಂದು ಟ್ರಕ್ಕಾದ ಶಕ್ತಿಮಾನ್ ಡೀಸೆಲ್ ಗಾಡಿಯಾದ್ದರಿಂದ ಕಿಡಿಯ ಭಾಗ ಅದಕ್ಕೆ ಬೇಡ. ಟ್ಯಾಂಕಿನ ಭಾಗ ಮಾತ್ರ ಓದಿಕೊಂಡರೆ ಸಾಕು.

ಈ ದೋಷದ ನಿಜವಾದ ತೊಡಕು ಎಂದರೆ, ಗ್ಯಾರೇಜಿಗೆ ತಲುಪುವಷ್ಟರಲ್ಲಿ ಅದು ಇರುವುದಿಲ್ಲ. ತಣ್ಣಗಾದ ಎಂಜಿನ್ನಿನ ಮೇಲೆ ಎಷ್ಟು ಪರೀಕ್ಷೆ ಮಾಡಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆಗ ಊಹೆಯ ಮೇಲೆ ಸಾಮಾನು ಬದಲಾಯಿಸುವ ಕೆಲಸ ಶುರುವಾಗುತ್ತದೆ. ನಾನು ಒಂದು ಬೇಸಿಗೆಯಿಡೀ ಅದನ್ನೇ ಮಾಡಿದೆ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಹೊಸದು ಹಾಕಿದೆ, ಪಾಯಿಂಟ್ ಮತ್ತು ಅದು ಸುಡದಂತೆ ಕಾಯುವ ಕಂಡೆನ್ಸರ್ ಬದಲಾಯಿಸಿದೆ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎ.ಸಿ. ಪಂಪಿಗೆ ಹೊಸ ಕಿಟ್ ಹಾಕಿದೆ, ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿ ತೊಳೆದೆ. ಪ್ರತಿ ಸಲವೂ ಗಾಡಿ ಎರಡು ಮೂರು ದಿನ ಚೆನ್ನಾಗಿ ಓಡಿ, ಗುಣವಾಯಿತೆಂಬ ನಂಬಿಕೆ ಹುಟ್ಟಿಸಿ, ಮತ್ತೆ ಏರಿನಲ್ಲಿ ನಿಂತಿತು. ಕೊನೆಯ ಸಲ ನಿಂತದ್ದು ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ತಿರುವುಗಳ ನಡುವೆ, ಹಿಂದೆ ಬಸ್ಸು ಕಾರುಗಳ ಸಾಲು ನಿಂತಿರುವಾಗ. ತೀರ್ಥಹಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಆ ಕಥೆ ಕೇಳಿ, "ಗಾಡಿ ನಿಂತಲ್ಲೇ ನಾಡಿ ನೋಡ್ಬೇಕು ಮಾರಾಯ್ರೆ, ಮನೆಗೆ ತಂದು ನೋಡಿದ್ರೆ ಜ್ವರ ಬಿಟ್ಟ ಮೇಲೆ ನೋಡಿದಂಗೆ" ಎಂದರು. ಅಲ್ಲಿಂದ ಮುಂದೆ ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು

ಪರೀಕ್ಷೆಯ ಸಾಮಾನು ಗಾಡಿಯಲ್ಲಿಯೇ ಇರಬೇಕು. ಒಂದು ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್, ಒಳ್ಳೆಯದೆಂದು ಖಾತ್ರಿಯಿರುವ ಒಂದು ಕಂಡೆನ್ಸರ್ ಮತ್ತು ಅದಕ್ಕೆ ವೈರು, ಅರ್ಧ ಲೀಟರಿನ ಬಿಳಿ ಗಾಜಿನ ಬಾಟಲಿ, ಎರಡು ಮೀಟರ್ ಹೊಸ ಪೆಟ್ರೋಲ್ ಹೋಸ್, ಟೀ (T ಆಕಾರದ) ಜೋಡಣೆಯೊಂದಿಗೆ ಕೊಳವೆಯೊಳಗಿನ ನಿರ್ವಾತ ಅಳೆಯುವ ಒಂದು ವ್ಯಾಕ್ಯೂಮ್ ಗೇಜ್, ಹತ್ತಿ ಬಟ್ಟೆ, ನೀರಿನ ಕ್ಯಾನ್. ಇವುಗಳ ಜೊತೆಗೆ ಒಣ ಪುಡಿಯ ಬೆಂಕಿ ನಂದಿಸುವ ಸಿಲಿಂಡರ್ ಮತ್ತು ಚಕ್ರಕ್ಕೆ ಒಡ್ಡಲು ಎರಡು ದಪ್ಪ ಮರದ ತುಂಡುಗಳು ಇಲ್ಲದೆ ಈ ಕೆಲಸಕ್ಕೆ ಹೊರಡಲೇಬೇಡಿ. ಎಂಜಿನ್ ನಿಂತಾಗ ವ್ಯಾಕ್ಯೂಮ್ ಬೂಸ್ಟರ್ ಇರುವ ಗಾಡಿಗಳಲ್ಲಿ ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹ್ಯಾಂಡ್ ಬ್ರೇಕ್ ಚಕ್ರಗಳ ಬದಲು ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಬಗೆಯದಾದರೆ, ಒಂದು ಹಿಂಚಕ್ರ ನೆಲ ಬಿಟ್ಟು ಎದ್ದರೂ ಅದರ ಹಿಡಿತ ಹೋಗುತ್ತದೆ. ಗಾಡಿ ನಿಂತ ಕೂಡಲೇ ಮೊದಲ ಕೆಲಸ ಚಕ್ರಕ್ಕೆ ಮರ ಒಡ್ಡುವುದು, ಬಾನೆಟ್ ತೆಗೆಯುವುದು ಆಮೇಲೆ.

ಪರೀಕ್ಷೆಗೆ ಘಾಟಿ ರಸ್ತೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಬದಿಗೆ ನಿಲ್ಲಿಸಲು ಜಾಗವಿರುವ, ಜನಸಂಚಾರ ಕಡಿಮೆಯಿರುವ, ಉದ್ದನೆಯ ಏರಿರುವ ಎಸ್ಟೇಟ್ ರಸ್ತೆಯೊಂದು ಮಲೆನಾಡಿನಲ್ಲಿ ಎಲ್ಲರಿಗೂ ಹತ್ತಿರದಲ್ಲಿಯೇ ಸಿಗುತ್ತದೆ. ಹಿಂದಿನ ಬಾಡಿಯಲ್ಲಿ ಭಾರ ಹೇರಿಕೊಂಡು, ಕಡಿಮೆ ಗೇರಿನಲ್ಲಿ ಹತ್ತಿಸಿದರೆ ದೋಷ ಬೇಗ ಹೊರಬೀಳುತ್ತದೆ. ಜೊತೆಗೆ ಒಬ್ಬರು ಇರಲೇಬೇಕು. ಸೆಲ್ಫ್ ಹೊಡೆಯಲು ಒಬ್ಬರು, ನೋಡಲು ಇನ್ನೊಬ್ಬರು.

ನಿಲ್ಲುವ ರೀತಿಯನ್ನು ಗಮನಿಸಿ

ಕಿಡಿ ತಪ್ಪಿದ ಎಂಜಿನ್ ಸ್ವಿಚ್ ತೆಗೆದಂತೆ ಥಟ್ಟನೆ ನಿಲ್ಲುತ್ತದೆ, ಕೆಲವೊಮ್ಮೆ ಸೈಲೆನ್ಸರಿನಲ್ಲಿ ಢಂ ಎಂದು ಹೊಡೆಯುತ್ತದೆ. ಪೆಟ್ರೋಲ್ ತಪ್ಪಿದ ಎಂಜಿನ್ ಹಾಗೆ ನಿಲ್ಲುವುದಿಲ್ಲ. ಎಳೆತ ಕುಂದುತ್ತದೆ, ಕಾರ್ಬೊರೇಟರಿನ ಬಾಯಲ್ಲಿ ಕೆಮ್ಮುತ್ತದೆ, ಆಕ್ಸಿಲರೇಟರನ್ನು ಪದೇಪದೇ ತುಳಿದರೆ ಎರಡು ಕ್ಷಣ ಚೇತರಿಸಿಕೊಂಡು ಮತ್ತೆ ಕುಸಿಯುತ್ತದೆ, ಚೋಕ್ ಅರ್ಧ ಎಳೆದರೆ ಇನ್ನೊಂದಿಷ್ಟು ದೂರ ಹೋಗುತ್ತದೆ. ಪೆಟ್ರೋಲ್ ಹೆಚ್ಚಾಗಿ ನಿಲ್ಲುವುದಾದರೆ ಕಪ್ಪು ಹೊಗೆ ಮತ್ತು ವಾಸನೆ ಮೊದಲೇ ತಿಳಿಸುತ್ತವೆ. ಅದಕ್ಕೆ ಫ್ಲೋಟ್ ಮತ್ತು ನೀಡಲ್ ವಾಲ್ವ್ ನೋಡಬೇಕು, ಇಲ್ಲಿನ ವಿಷಯ ಅದಲ್ಲ. ನಿಂತ ಕೂಡಲೇ ಈ ಲಕ್ಷಣಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮನೆಗೆ ಬಂದ ಮೇಲೆ ನೆನಪು ತನಗೆ ಬೇಕಾದಂತೆ ಬದಲಾಗುತ್ತದೆ.

ನಿಂತ ಮೊದಲ ಐದು ನಿಮಿಷ

ಈ ಐದು ನಿಮಿಷದಲ್ಲಿ ಎರಡೇ ಪ್ರಶ್ನೆಗಳಿಗೆ ಉತ್ತರ ಬೇಕು: ಕಿಡಿ ಇದೆಯೇ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಇದೆಯೇ. ಇವೆರಡನ್ನು ತಿಳಿಯುವ ಮೊದಲು ಒಂದು ಸ್ಕ್ರೂ ಕೂಡ ಸಡಿಲಿಸಬಾರದು.

ಕಾಯಿಲಿನಿಂದ, ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿಗೆ ಬರುವ ದಪ್ಪ ವೈರನ್ನು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹದಿಂದ 6-7 ಮಿ.ಮೀ. ದೂರದಲ್ಲಿ ಒಣ ಮರದ ಚಿಮುಟದಂಥದ್ದರಿಂದ ಹಿಡಿದು, ಸ್ವಿಚ್ ಹಾಕಿ ಸೆಲ್ಫ್ ಹೊಡೆಸಿ. ಕಾರ್ಬೊರೇಟರಿನಿಂದ ದೂರದ ಜಾಗ ಆರಿಸಿಕೊಳ್ಳಿ, ಸುತ್ತ ಪೆಟ್ರೋಲ್ ಸೋರಿಲ್ಲವೆಂದು ಮೊದಲೇ ನೋಡಿಕೊಳ್ಳಿ. ಚಟ್ ಚಟ್ ಸದ್ದಿನೊಂದಿಗೆ ದಪ್ಪ ನೀಲಿ ಕಿಡಿ ಹಾರಿದರೆ ಕಾಯಿಲಿನವರೆಗಿನ ಭಾಗ ಸರಿಯಿದೆ. ತೆಳ್ಳಗಿನ ಹಳದಿ ಅಥವಾ ಕೆಂಪು ಕಿಡಿಯನ್ನು ಕಿಡಿಯಿಲ್ಲವೆಂದೇ ಲೆಕ್ಕ ಹಾಕಿ, ಏಕೆಂದರೆ ಬಯಲಿನಲ್ಲಿ ಹಾರುವ ಕಿಡಿಗಿಂತ ಸಿಲಿಂಡರಿನ ಒತ್ತಡದಲ್ಲಿ ಹಾರುವ ಕಿಡಿಗೆ ಹೆಚ್ಚು ಬಲ ಬೇಕು.

ವೈರನ್ನು ಮರಳಿ ಜಾಗಕ್ಕೆ ಸಿಕ್ಕಿಸಿ, ಸ್ವಿಚ್ ತೆಗೆದ ಮೇಲೆ, ಏರ್ ಫಿಲ್ಟರ್ ಎತ್ತಿ ಕಾರ್ಬೊರೇಟರಿನ ಗಂಟಲನ್ನು ನೋಡುತ್ತ ಆಕ್ಸಿಲರೇಟರ್ ಕೊಂಡಿಯನ್ನು ಕೈಯಿಂದ ಎಳೆಯಿರಿ. ಪೆಟ್ರೋಲ್ ಚಿಮ್ಮಿದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಬಟ್ಟಲು ಬರಿದಾಗಿದೆ. ಬಟ್ಟಲಿಗೆ ಗಾಜಿನ ಕಿಟಕಿ ಇರುವ ಕಾರ್ಬೊರೇಟರಾದರೆ ಮಟ್ಟ ಹೊರಗಿನಿಂದಲೇ ಕಾಣುತ್ತದೆ.

ಕಿಡಿ ಇಲ್ಲದಿದ್ದರೆ

ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಅರ್ತಿಗೂ (ಎಂಜಿನ್ನಿನ ಲೋಹದ ಮೈಗೂ) ಇನ್ನೊಂದನ್ನು ಕಾಯಿಲಿನ ಡಿಸ್ಟ್ರಿಬ್ಯೂಟರ್ ಕಡೆಯ ಸಣ್ಣ ಟರ್ಮಿನಲ್ಲಿಗೂ ಹಿಡಿದು ಸೆಲ್ಫ್ ಹೊಡೆಸಿ. ದೀಪ ಮಿಣುಕಬೇಕು: ಪಾಯಿಂಟ್ ತೆರೆದಾಗ ಉರಿಯುತ್ತದೆ, ಕೂಡಿದಾಗ ಆರುತ್ತದೆ. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಇಲ್ಲವೇ ಡಿಸ್ಟ್ರಿಬ್ಯೂಟರಿನ ಒಳಗಿನ ಮೆತ್ತನೆಯ ವೈರು ತುಂಡಾಗಿದೆ. ಈ ವೈರನ್ನು ಬಹಳ ಜನ ಮರೆಯುತ್ತಾರೆ. ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟನ್ನು ತಿರುಗಿಸಿದಾಗಲೆಲ್ಲ ಅದು ಬಾಗುತ್ತದೆ, ವರ್ಷಗಳ ಮೇಲೆ ಹೊರಗಿನ ಹೊದಿಕೆ ಸರಿಯಿದ್ದು ಒಳಗಿನ ಎಳೆಗಳು ಕಡಿಯುತ್ತವೆ, ಪ್ಲೇಟ್ ಒಂದು ಸ್ಥಾನದಲ್ಲಿದ್ದಾಗ ಕರೆಂಟ್ ಹರಿದು ಇನ್ನೊಂದರಲ್ಲಿ ತಪ್ಪುತ್ತದೆ. ದೀಪ ಉರಿಯಲೇ ಇಲ್ಲವೆಂದರೆ ಕಾಯಿಲಿನ ಇನ್ನೊಂದು ಟರ್ಮಿನಲ್ಲಿಗೆ ಹಿಡಿಯಿರಿ. ಅಲ್ಲಿಯೂ ಇಲ್ಲದಿದ್ದರೆ ಸ್ವಿಚ್ಚಿನಿಂದ ಕರೆಂಟೇ ಬರುತ್ತಿಲ್ಲ. ಅಲ್ಲಿ ಇದ್ದು ಇಲ್ಲಿ ಇಲ್ಲದಿದ್ದರೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರನ್ನು ಬಿಚ್ಚಿ ಮತ್ತೆ ನೋಡಿ: ಈಗ ಉರಿದರೆ ಪಾಯಿಂಟ್ ಅಥವಾ ಕಂಡೆನ್ಸರ್ ಅರ್ತ್ ಆಗಿದೆ, ಈಗಲೂ ಉರಿಯದಿದ್ದರೆ ಕಾಯಿಲ್ ಒಳಗೆ ತುಂಡಾಗಿದೆ.

ಕಾದ ಮೇಲೆ ಕೈಕೊಡುವುದರಲ್ಲಿ ಕಂಡೆನ್ಸರ್ ಮೊದಲನೆಯದು. ಕಿಡಿ ಹಳದಿಯಾಗಿ, ಪಾಯಿಂಟಿನಲ್ಲಿಯೇ ಬೆಳಕು ಜೋರಾಗಿ ಕಂಡರೆ ಹಳೆಯ ಕಂಡೆನ್ಸರಿನ ವೈರು ಬಿಚ್ಚಿಟ್ಟು, ಖಾತ್ರಿಯಿರುವ ಕಂಡೆನ್ಸರನ್ನು ಹೊರಗಿನಿಂದಲೇ ಕಾಯಿಲಿನ ಆ ಟರ್ಮಿನಲ್ಲಿಗೆ ಜೋಡಿಸಿ, ಅದರ ಮೈಯನ್ನು ಅರ್ತಿಗೆ ಕಟ್ಟಿ. ಹಳೆಯದನ್ನು ಬಿಚ್ಚದೆ ಹೊಸದನ್ನು ಸೇರಿಸಿದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಪೊಟ್ಟಣದಲ್ಲಿ ಹೊಸದಾಗಿ ಬಂದದ್ದೆಲ್ಲ ಒಳ್ಳೆಯದೆಂದು ನಂಬಬೇಡಿ. ಓಡಿಸಿ ನೋಡಿ ಉಳಿಸಿಕೊಂಡ ಹಳೆಯದೊಂದು ಅದಕ್ಕಿಂತ ಮೇಲು.

ಕಾಯಿಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮುಟ್ಟಲಾಗದಷ್ಟು ಬಿಸಿಯಾದರೆ ಅದು ಹಾಳಾಗಿದೆ ಎನ್ನುತ್ತಾರೆ. ತಾಮ್ರದ ರೋಧ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.39ರಂತೆ ಏರುತ್ತದೆ, 25 ಡಿಗ್ರಿಯಲ್ಲಿ 3 ಓಮ್ ತೋರಿಸುವ ಕಾಯಿಲಿನ ಪ್ರೈಮರಿ ಸುತ್ತು 90 ಡಿಗ್ರಿಯಲ್ಲಿ ಸುಮಾರು 3.8 ಓಮ್ ತೋರಿಸುವುದು ಸಹಜ. ಕಾದಾಗ ಸಂಪರ್ಕವೇ ಕಡಿದುಹೋದರೆ ಅಥವಾ ಅಂಕಿ ನಿಲ್ಲದೆ ಹಾರಾಡಿದರೆ ಮಾತ್ರ ಕಾಯಿಲ್ ತಪ್ಪಿತಸ್ಥ. ಬದಲಾಯಿಸುವ ಮುನ್ನ ಗಾಡಿ 12 ವೋಲ್ಟಿನದೋ 24 ವೋಲ್ಟಿನದೋ, ಕಾಯಿಲಿಗೆ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಬೇಕಾದದ್ದೋ ಬೇಡದ್ದೋ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಡಿಸ್ಪೋಸಲ್ ಗಾಡಿಗಳು ಹಲವು ಕೈ ದಾಟಿ ಬಂದಿರುತ್ತವೆ, ಬ್ಯಾಟರಿ ಒಂದೇ ಇದೆಯೆಂದು ಕಾಯಿಲ್ ಸರಿಯಾದದ್ದೇ ಇದೆಯೆಂದು ಅರ್ಥವಲ್ಲ.

ಪುನರುಜ್ಜೀವನ ಮುಗಿಸಿದ ಗಾಡಿಗಳಲ್ಲಿಯೇ ಕಾಣುವ ದೋಷವೊಂದಿದೆ. ಚಾಸಿಸ್ಸಿಗೆ ಪ್ರೈಮರ್ ಮತ್ತು ಹಸಿರು ಬಣ್ಣ ಚೆನ್ನಾಗಿ ಹೊಡೆದು, ಅದರ ಮೇಲೆಯೇ ಅರ್ತ್ ಪಟ್ಟಿಯನ್ನು ಬಿಗಿದಿರುತ್ತೇವೆ. ಎಂಜಿನ್, ಚಾಸಿಸ್, ಬಾಡಿ ಮೂರರ ನಡುವೆಯೂ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ, ಬಿಗಿದ ಮೇಲೆ ಗ್ರೀಸ್ ಹಚ್ಚಿ. ಬ್ಯಾಲಸ್ಟ್ ಇಲ್ಲದ ಕಾಯಿಲಿನಲ್ಲಿ ಪಾಯಿಂಟ್ ಕೂಡಿರುವಾಗ ಬರುವ ವೋಲ್ಟೇಜ್ ಬ್ಯಾಟರಿಯದಕ್ಕಿಂತ ಅರ್ಧ ವೋಲ್ಟಿಗೂ ಮೀರಿ ಕಡಿಮೆಯಿದ್ದರೆ ದಾರಿಯಲ್ಲಿ ಎಲ್ಲೋ ತುಕ್ಕಿದೆ.

ಬಟ್ಟಲು ಬರಿದಾಗಿದ್ದರೆ

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ, ಕಿವಿಗೊಟ್ಟು ಕೇಳಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರು ರಂಧ್ರ ಕಟ್ಟಿದೆ. ಪೆಟ್ರೋಲ್ ಹೊರಹೋದಷ್ಟು ಗಾಳಿ ಒಳಬರದೆ ಟ್ಯಾಂಕಿನಲ್ಲಿ ನಿರ್ವಾತವಾಗುತ್ತದೆ, ಕೊನೆಗೆ ಪಂಪ್ ಸೋಲುತ್ತದೆ. ಕೊಪ್ಪದ ಕಡೆಯ ನನ್ನ ಭಾವನ ಜೋಂಗಾದಲ್ಲಿ ಆದದ್ದು ಇದೇ: ಮೂರು ತಿಂಗಳು ಸೋಗೆ ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿಯ ಉಸಿರು ಕೊಳವೆಗೆ ಕುಂಬಾರ ಹುಳ ಮಣ್ಣಿನ ಗೂಡು ಮೆತ್ತಿತ್ತು. ಮಲೆನಾಡಿನಲ್ಲಿ ನಿಂತ ಗಾಡಿಯ ಪ್ರತಿಯೊಂದು ಸಣ್ಣ ರಂಧ್ರವನ್ನೂ, ಆಕ್ಸಲ್ ಮತ್ತು ಗೇರ್ ಬಾಕ್ಸಿನ ಉಸಿರು ರಂಧ್ರಗಳನ್ನೂ ಸೇರಿಸಿ, ತೆಳು ತಂತಿ ಹಾಕಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಮುಚ್ಚಳ ಸರಿಯಿದ್ದರೆ, ಹಬೆ ಕಟ್ಟಿದೆಯೇ ಎಂದು ನೋಡಬೇಕು. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ, ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಆವಿಯ ಒತ್ತಡ ಇನ್ನೂ ಹೆಚ್ಚು. ಪಂಪಿಗೂ ಅದರ ಒಳಬರುವ ಕೊಳವೆಗೂ ಒದ್ದೆ ಬಟ್ಟೆ ಸುತ್ತಿ, ಮೇಲೆ ತಣ್ಣೀರು ಹನಿಸಿ, ಎರಡು ನಿಮಿಷದಲ್ಲಿ ಗಾಡಿ ಚಾಲೂ ಆದರೆ ವೇಪರ್ ಲಾಕ್ ಎಂದು ತಿಳಿಯಿರಿ. ಕಾದ ಎಗ್ಸಾಸ್ಟ್ ಮ್ಯಾನಿಫೋಲ್ಡಿಗೆ ಮಾತ್ರ ಒಂದು ಹನಿಯೂ ತಾಗಬಾರದು, ಎರಕದ ಕಬ್ಬಿಣ ಸೀಳುತ್ತದೆ. ಪರಿಹಾರ ಇರುವುದು ಕೊಳವೆಯ ದಾರಿಯಲ್ಲಿ. ಹಿಂದಿನವರು ಕೊಳವೆಯನ್ನು ಎಗ್ಸಾಸ್ಟ್ ಹತ್ತಿರ ಎಳೆದಿದ್ದರೆ ದೂರಕ್ಕೆ ಸರಿಸಿ, ಕಳೆದುಹೋದ ಶಾಖದ ತಗಡನ್ನು ಮತ್ತೆ ಮಾಡಿಸಿ ಹಾಕಿ, ಪಂಪ್ ಮತ್ತು ಕಾರ್ಬೊರೇಟರಿನ ಕೆಳಗಿನ ದಪ್ಪ ಪ್ಯಾಕಿಂಗ್ ಬದಲು ತೆಳು ಕಾಗದದ ಪ್ಯಾಕಿಂಗ್ ಹಾಕಿದ್ದರೆ ಅದನ್ನು ಸರಿಪಡಿಸಿ.

ನೀರಿನಿಂದಲೂ ಬದಲಾವಣೆ ಕಾಣದಿದ್ದರೆ ಎಂಜಿನ್ ಸ್ವಲ್ಪ ಆರಿದ ಮೇಲೆ, ಕಿಡಿ ಹಾರದಂತೆ ಕಾಯಿಲಿನ ವೈರು ಬಿಚ್ಚಿಟ್ಟು, ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಕೊಳವೆಯನ್ನು ಬಾಟಲಿಗೆ ಇಳಿಸಿ ಸೆಲ್ಫ್ ಹೊಡೆಸಿ. ಒಳ್ಳೆಯ ಪಂಪ್ ಗಟ್ಟಿಯಾಗಿ ಚಿಮ್ಮುತ್ತದೆ. ಬಾಟಲಿಯಲ್ಲಿ ಗುಳ್ಳೆಗಳು ಬಂದರೆ ಪಂಪಿನ ಹಿಂದೆ ಎಲ್ಲೋ ಗಾಳಿ ಸೇರುತ್ತಿದೆ. ಎಥನಾಲಿಗೆ ಹೊಂದದ ಹಳೆಯ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡು ಒಳಗೆ ಬಿರುಕು ಬಿಟ್ಟಿರುತ್ತದೆ.

ಆದರೆ ಎಲ್ಲಕ್ಕಿಂತ ಹೆಚ್ಚು ತಿಳಿಸುವುದು ವ್ಯಾಕ್ಯೂಮ್ ಗೇಜ್. ಅದನ್ನು ಟ್ಯಾಂಕ್ ಮತ್ತು ಪಂಪಿನ ನಡುವೆ, ಪಂಪಿನ ಬಾಯಿಯ ಹತ್ತಿರ ಟೀ ಹಾಕಿ ಜೋಡಿಸಿ, ಗೇಜನ್ನು ಮುಂದಿನ ಗಾಜಿನ ಹೊರಗೆ ಕಾಣುವಂತೆ ಕಟ್ಟಬೇಕು. ಪೆಟ್ರೋಲ್ ಕೊಳವೆಯನ್ನು ಕ್ಯಾಬಿನ್ನಿನೊಳಗೆ ಯಾವ ಕಾರಣಕ್ಕೂ ತರಬೇಡಿ. ದಾರಿ ತೆರೆದಿರುವಾಗ ಪಂಪಿಗೆ ಹೆಚ್ಚು ಎಳೆಯುವ ಕೆಲಸವಿಲ್ಲ, ಮುಳ್ಳು ಕೆಳಗೇ ಇರುತ್ತದೆ. ಗಾಡಿ ಸೊರಗುವಾಗ ಮುಳ್ಳು ಮೇಲೇರಿದ್ದರೆ ಪಂಪ್ ಎಳೆಯುತ್ತಿದೆ, ದಾರಿ ಕಟ್ಟಿದೆ. ಗಾಡಿ ಸೊರಗಿ ಮುಳ್ಳೂ ಕೆಳಗಿದ್ದರೆ ಪಂಪ್ ದುರ್ಬಲವಾಗಿದೆ ಅಥವಾ ಗಾಳಿ ಸೇರುತ್ತಿದೆ. ನನ್ನ ಗಾಡಿಯಲ್ಲಿ ಹೊರಡುವಾಗ 2 ಇಂಚು ಪಾದರಸ ಇದ್ದ ಮುಳ್ಳು, ಅರ್ಧ ಗಂಟೆಯ ಏರಿನ ನಂತರ 9ಕ್ಕೆ ಬಂತು, ಅಲ್ಲಿಗೆ ಎಂಜಿನ್ ಕೆಮ್ಮಿ ನಿಂತಿತು. ಮುಚ್ಚಳ ತೆರೆದರೂ ಮುಳ್ಳು ಇಳಿಯಲಿಲ್ಲ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದಾಗ ಮತ್ತೆ 2. ಒಂದು ಬೇಸಿಗೆಯ ಊಹೆ ಅಲ್ಲಿಗೆ ಮುಗಿಯಿತು.

ಖಚಿತಪಡಿಸಿಕೊಳ್ಳಲು, ಮರುದಿನ ಐದು ಲೀಟರಿನ ಲೋಹದ ಕ್ಯಾನೊಂದನ್ನು ಹಿಂದಿನ ಬಾಡಿಗೆ ಭದ್ರವಾಗಿ ಕಟ್ಟಿ, ಹೊಸ ಹೋಸಿನಿಂದ ನೇರವಾಗಿ ಪಂಪಿಗೆ ಕೊಟ್ಟು ಅದೇ ಏರನ್ನು ಹತ್ತಿಸಿದೆ. ಗಾಡಿ ಒಮ್ಮೆಯೂ ತಡವರಿಸಲಿಲ್ಲ. ಕಾಯಿಲ್, ಕಂಡೆನ್ಸರ್, ಪಂಪ್, ಕಾರ್ಬೊರೇಟರ್ ನಾಲ್ಕೂ ನಿರ್ದೋಷಿಗಳು, ದೋಷ ಟ್ಯಾಂಕಿನಲ್ಲಿತ್ತು.

ಟ್ಯಾಂಕ್

ಆರು ಮಳೆಗಾಲ ಅರ್ಧ ಖಾಲಿ ಟ್ಯಾಂಕಿನೊಂದಿಗೆ ನಿಂತಿದ್ದ ಗಾಡಿ ನನ್ನದು. ಹಗಲು ರಾತ್ರಿಯ ಉಷ್ಣತೆಯ ಏರಿಳಿತದಲ್ಲಿ ಟ್ಯಾಂಕು ತೇವದ ಗಾಳಿಯನ್ನು ಉಸಿರಾಡುತ್ತದೆ, ಮೇಲಿನ ತಗಡಿನಲ್ಲಿ ಹನಿ ಕಟ್ಟುತ್ತದೆ, ತುಕ್ಕು ಚಕ್ಕೆಯಾಗಿ ಉದುರುತ್ತದೆ. ಈ ಚಕ್ಕೆಗಳು ಗಾಡಿ ಓಡುವಾಗ ಎಳೆತಕ್ಕೆ ಸಿಕ್ಕಿ ಪೆಟ್ರೋಲ್ ಎಳೆಯುವ ಕೊಳವೆಯ ಬುಡದ ಜಾಲರಿಗೆ ಒಂದೊಂದಾಗಿ ಅಂಟಿಕೊಳ್ಳುತ್ತವೆ. ಎಂಜಿನ್ ನಿಂತು ಎಳೆತ ಹೋದ ಮೇಲೆ ತಾವಾಗಿಯೇ ಕಳಚಿ ಕೆಳಗೆ ಬೀಳುತ್ತವೆ. ಹದಿನೈದು ನಿಮಿಷದ ವಿಶ್ರಾಂತಿಯಿಂದ ಗಾಡಿ ಗುಣವಾಗುತ್ತಿದ್ದುದರ ಕಾರಣ ಇದೇ ಆಗಿತ್ತು, ಬಿಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಏರಿನಲ್ಲಿ ಎಂಜಿನ್ ಹೆಚ್ಚು ಪೆಟ್ರೋಲ್ ಕೇಳುವುದರಿಂದ ಅಲ್ಲಿಯೇ ತೋರುತ್ತಿತ್ತು, ಅಷ್ಟೆ.

ಟ್ಯಾಂಕನ್ನು ಬಯಲಿನಲ್ಲಿ, ಬ್ಯಾಟರಿ ಬಿಚ್ಚಿಟ್ಟು, ಇಳಿಸಬೇಕು. ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಇಡಿ. ಎರಡು ಪದರ ಕಂಡರೆ ಕೆಳಗಿನದು ನೀರು ಮತ್ತು ಎಥನಾಲ್ ಬೇರೆಯಾದದ್ದು. ತುಕ್ಕಿನ ಮೂಲ ಅದೇ. ಪೆಟ್ರೋಲ್ ಪೂರ್ತಿ ಬಸಿದು, ಸೋಪಿನ ನೀರಿನಿಂದ ಹಲವು ಸಲ ತೊಳೆದ ಮೇಲೆ, ಒಂದು ಹಿಡಿ ಸಣ್ಣ ನಟ್ಟುಗಳನ್ನು ಲೆಕ್ಕ ಮಾಡಿ ಹಾಕಿ ಕುಲುಕಿಸಿ, ಅಷ್ಟನ್ನೂ ಲೆಕ್ಕ ಮಾಡಿ ಹೊರತೆಗೆಯಿರಿ. ನಂತರ ಬೆಚ್ಚಗಿನ ನೀರಿಗೆ ಲೀಟರಿಗೆ ಸುಮಾರು 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಟ್ಯಾಂಕ್ ತುಂಬ ಹೊಯ್ದು ಒಂದು ರಾತ್ರಿ ಬಿಡಿ. ಬೆಳಗ್ಗೆ ಚೆಲ್ಲಿ, ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು, ಕೂಡಲೇ ಒಣಗಿಸಬೇಕು. ತಡಮಾಡಿದರೆ ಕಣ್ಣೆದುರಿಗೇ ಮತ್ತೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಈ ಕೆಲಸವನ್ನು ಜಡಿಮಳೆಯ ಆಷಾಢದಲ್ಲಿ ಮಾಡದೆ ಬಿಸಿಲಿರುವ ಮಾಘ ಫಾಲ್ಗುಣಕ್ಕೆ ಇಟ್ಟುಕೊಳ್ಳಿ. ಒಣಗಿದ ಮೇಲೆ ಒಳಗೆಲ್ಲ ತೆಳುವಾಗಿ ಎಣ್ಣೆ ಆಡಿಸಿ.

ಟ್ಯಾಂಕಿನಲ್ಲಿ ತೂತು ಕಂಡರೆ ಮನೆಯಲ್ಲಿ ಬೆಸುಗೆ ಹಾಕಲು ಹೋಗಬೇಡಿ. ತೊಳೆದು ಖಾಲಿಯಾಗಿ ಕಾಣುವ ಟ್ಯಾಂಕಿನ ಮಡಿಕೆಗಳಲ್ಲಿ ಉಳಿದ ಪೆಟ್ರೋಲ್ ಆವಿಯೇ ಸಿಡಿಯಲು ಸಾಕು. ಅಂಥ ಕೆಲಸಕ್ಕೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಟ್ಯಾಂಕ್ ಕೆಲಸವನ್ನೇ ಮಾಡುವವರನ್ನು ವಿಚಾರಿಸಿ ಕೊಡುವುದು ಕ್ಷೇಮ.

ಕಿಡಿಯೂ ಪೆಟ್ರೋಲೂ ಎರಡೂ ಇದ್ದರೆ

ಇದು ಅಪರೂಪ, ಆದರೆ ಆಗುತ್ತದೆ. ವಾಲ್ವ್ ಅಂತರ ತೀರಾ ಬಿಗಿಯಾಗಿದ್ದರೆ ಕಾದಾಗ ವಾಲ್ವ್ ಪೂರ್ತಿ ಕೂರದೆ ಕಂಪ್ರೆಷನ್ ಹೋಗುತ್ತದೆ. ಗಾಡಿ ನಿಂತಾಗಲೇ ಕಂಪ್ರೆಷನ್ ಗೇಜ್ ಹಾಕಿ, ತಣ್ಣಗಿದ್ದಾಗಿನ ಅಂಕಿಗಳೊಂದಿಗೆ ಹೋಲಿಸಿ. ಸೈಲೆನ್ಸರ್ ಒಳಗೆ ತಗಡು ಕಳಚಿ ದಾರಿ ಕಟ್ಟಿದ್ದರೂ ಏರಿನಲ್ಲಿ ಎಳೆತ ಹೋಗುತ್ತದೆ. ಮುಂದಿನ ಪೈಪಿನ ಜೋಡಣೆ ಸಡಿಲಿಸಿ ಓಡಿಸಿದರೆ ತಿಳಿಯುತ್ತದೆ. ನಿಂತ ಗಾಡಿಯ ಸೈಲೆನ್ಸರಿನಲ್ಲಿ ಇಲಿ ಅಡಿಕೆ ಸಿಪ್ಪೆ ತುಂಬಿಟ್ಟದ್ದನ್ನೂ ನಾನು ತೆಗೆದಿದ್ದೇನೆ.

ಟ್ಯಾಂಕ್ ಮರಳಿ ಕೂರಿಸುವಾಗ ಟ್ಯಾಂಕ್ ಮತ್ತು ಪಂಪಿನ ನಡುವೆ ಒಳಗು ಕಾಣುವ ಫಿಲ್ಟರ್ ಒಂದನ್ನು, ಎಗ್ಸಾಸ್ಟಿನಿಂದ ದೂರದಲ್ಲಿ, ಹಾಕಿ. ನಾನು 100 ಕಿ.ಮೀ. ಓಡಿಸಿ ಮೊದಲ ಫಿಲ್ಟರ್ ತೆಗೆದಾಗ ಅದರಲ್ಲಿ ಕೆಂಪು ಹುಡಿ ಇತ್ತು, ಎರಡನೆಯದರಲ್ಲಿ ಅಲ್ಪಸ್ವಲ್ಪ, ಮೂರನೆಯದು ಶುಭ್ರವಾಗಿತ್ತು. ಆಮೇಲೆ ಗೇಜ್ ಕಟ್ಟಿಕೊಂಡೇ ಸೋಮೇಶ್ವರಕ್ಕೆ ಇಳಿದು ಮೇಲೆ ಹತ್ತಿದೆ; ಆಗುಂಬೆಯ ತುದಿ ಮುಟ್ಟುವವರೆಗೂ ಮುಳ್ಳು 3ನ್ನು ದಾಟಲಿಲ್ಲ. ಮರುದಿನ ಟೀ ಮತ್ತು ಗೇಜನ್ನು ಬಿಚ್ಚಿ, ಕೊಳವೆಯನ್ನು ಮೊದಲಿನಂತೆ ಜೋಡಿಸಿದೆ.